ಲಾಳಿಯಾಟ ನಿಲ್ಲಿಸಿದ ನನ್ನ ದೂರು

ದೂರು ಬಂದೊಡನೆ ಕ್ರಮ ಕೈಗೊಂಡ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಮಾತು ಕೇಳಿ ನನ್ನ ಮಗಳ ಬಾಯಿ ಮುಚ್ಚಿಸಿದಿರಿ. ಅಂಗನವಾಡಿ ಸೋರುತ್ತದೆಂದು ಓಣಿಯವರೆಲ್ಲ ಸಹಿ ಹಾಕಿ ಕೊಟ್ಟ ಅರ್ಜಿ ಎರಡು ಮಳೆಗಾಲ ನಿಮ್ಮ ಕಚೇರಿಯಲ್ಲಿ ಸುಖನಿದ್ದೆ ಮಾಡಿತು. ನಾನೊಬ್ಬನೇ ಸಿಟ್ಟಿನಲ್ಲಿ ಗೀಚಿದ ದೂರಿಗೆ ಮಾತ್ರ ವಾರದೊಳಗೆ ಜೀಪು ಬಂತು! ಇಷ್ಟು ಚುರುಕು ನಿಮ್ಮಲ್ಲಿದೆಯೆಂದು ಗೊತ್ತಿದ್ದರೆ, ದೇವರಾಣೆ, ಬರೆಯುತ್ತಿರಲಿಲ್ಲ.

ನಾನು ರಬಕವಿಯಲ್ಲಿ ವಿದ್ಯುತ್ ಮಗ್ಗ ನಡೆಸುವವನು. ನಾಲ್ಕು ವರ್ಷದ ಮಗಳು ಮಧುಮತಿಯನ್ನು ಕರೆತರಲು ಹೋದಾಗ ಅಂಗನವಾಡಿಯ ಅನುರಾಧಾ ಅಕ್ಕೋರು ಮಕ್ಕಳನ್ನು ಎರಡು ಸಾಲಾಗಿ ಕೂರಿಸಿದ್ದರು. ಒಂದು ಮಗು ಮಗ್ಗದಲ್ಲಿ ನೂಲೊಯ್ಯುವ ಲಾಳಿಯಾಗಿ, ಬಣ್ಣದ ನೂಲು ಹಿಡಿದು ಸಾಲುಗಳ ನಡುವೆ ಓಡಬೇಕು. ಉಳಿದವರು ಬಣ್ಣದ ಹೆಸರು ಕೂಗಬೇಕು, ಓಟ ಎಣಿಸಬೇಕು.

"ಅಕ್ಕೋರ, ಮಗ್ಗ ನಮ್ಮ ತಲಿಗೇ ಮುಗೀಲಿ ಅಂತ ಕೂಸಿನ್ನ ಇಲ್ಲಿ ಕಳಿಸೇನ್ರಿ. ನೀವು ಇಲ್ಲೂ ಮಗ್ಗಾನ ಹೂಡೀರಲ್ರಿ!" ಎಂದು ಮಗಳ ಮುಂದೆಯೇ ರೇಗಿದೆ.

"ಅಣ್ಣಾರ, ಮಗ್ಗ ಅಲ್ರಿ, ಆಟ. ನಿಮ್ಮ ಮಗಳು ಬಾಯಿ ಬಿಟ್ಟಿದ್ದು ಇದರಾಗನ," ಎಂದರು.

ಖರೆ ಹೇಳಿದ್ದರು. ಮನೆಯಲ್ಲಿ ಮಗ್ಗಗಳ ಸದ್ದಿಗೆ ಸನ್ನೆಯಲ್ಲೇ ಬೆಳೆದ ಹುಡುಗಿ ಆ ಹೊತ್ತು "ಕೆಂಪ! ಹಸರ!" ಎಂದು ಗಂಟಲು ಬಿಟ್ಟು ಕೂಗುತ್ತಿದ್ದಳು. ನನ್ನ ಕಿವಿ ಎಲ್ಲಿಟ್ಟಿದ್ದೆನೋ! ನೇರ ಮನೆಗೆ ಬಂದು, ಅಕ್ಕೋರು ಅಕ್ಷರ ಬಿಟ್ಟು ಮಗ್ಗ ಕಲಿಸುತ್ತಾರೆಂದು ದೂರು ಬರೆದೆ.

ನನಗೆ ಬುದ್ಧಿ ಇರಲಿಲ್ಲ, ಸರಿ. ನಿಮಗಾದರೂ ಇರಬಾರದಿತ್ತೇ? ಜೀಪಿನಲ್ಲಿ ಬಂದವರು ಮಕ್ಕಳ ಪಾಟಿ ನೋಡಿದರು, ಅಕ್ಷರವಿಲ್ಲವೆಂದು ಹುಬ್ಬು ಗಂಟಿಕ್ಕಿದರು, ಹೋದರು. ಆಟ ಯಾರೂ ನೋಡಲಿಲ್ಲ. ಹಿಂದೆಯೇ ಅಕ್ಕೋರನ್ನು ಕೆಲಸದಿಂದ ನಿಲ್ಲಿಸಿದ ಆದೇಶ ಬಂತು. ಆಡುತ್ತ ಕಲಿಯಲಿ ಎಂದು ಗೋಡೆಗೆ ಬರೆಸುವವರು ನೀವೇ, ಆಡಿಸಿದವರನ್ನು ಕೆಲಸದಿಂದ ನಿಲ್ಲಿಸುವವರೂ ನೀವೇ. ಇದು ಯಾವ ಸೀಮೆಯ ನ್ಯಾಯ?

ಈಗ ಮಕ್ಕಳು ಕೈಕಟ್ಟಿ ಕೂರುತ್ತಾರೆ, ಹೇಳಿದ್ದನ್ನೇ ತಿದ್ದುತ್ತಾರೆ. ನೀವು ಮೆಚ್ಚುವಂಥ ಶಿಸ್ತು. ಮಧುಮತಿ ನೀರು ಬೇಕಾದರೆ ಮತ್ತೆ ಕೊಡ ತೋರಿಸುತ್ತಾಳೆ. ಹೆಂಡತಿ ಅನ್ನವ್ವ ನನ್ನೊಡನೆ ಜಗಳಕ್ಕೇ ನಿಂತಳು: "ದೂರ ಬರಿಯಾಕ ಕೈ ಬಂತಲ್ಲ, ತಪ್ಪಾತು ಅಂತ ಬರಿಯಾಕ ಏನ್ ಧಾಡಿ ನಿಮಗ?"

ಮೊನ್ನೆ ಸಂತೆಯಲ್ಲಿ ಅಕ್ಕೋರು ಎದುರಾದರು. ಮಧುಮತಿ ನನ್ನ ಕೈ ಬಿಡಿಸಿಕೊಂಡು ಓಡಿದಳು, ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ತಿರುಗಿ ನನ್ನ ಮುಖ ನೋಡಿದಳು. ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನಾದಳು. ನನಗೆ ಅಲ್ಲೇ ಅಳು ಬಂತು.

ಈ ಪತ್ರದ ಮೂಲಕ ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅಕ್ಕೋರನ್ನು ತಕ್ಷಣ ಕೆಲಸಕ್ಕೆ ಕರೆಸಿ. ಯಾರ ಮೇಲಾದರೂ ಕ್ರಮ ಕೈಗೊಳ್ಳಲೇಬೇಕೆಂದರೆ ನನ್ನ ಮೇಲೆ ಕೈಗೊಳ್ಳಿ. ಮಗಳು ನನ್ನ ಮುಖಕ್ಕೆ ಹೆದರದಂತೆ ಮಾಡುವ ಆದೇಶ ನಿಮ್ಮ ಕಚೇರಿಯಲ್ಲಿಲ್ಲ. ಅದನ್ನು ನಾನು ಅವಳಲ್ಲೇ ಬೇಡಿಕೊಳ್ಳುತ್ತೇನೆ.

ಇಂತಿ,
ಮಗಳ ಒಂದು ಮಾತಿಗಾಗಿ ಕಾದಿರುವ ತಪ್ಪಿತಸ್ಥ,
ಗಂಗಾರಾಮ, ರಬಕವಿ