ಬಾಗಿಲು ತಟ್ಟುವ ಮೊದಲು ಫೋನ್ ಮಾಡಿದವರಿಗೆ

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತುಮಕೂರಿನ ಮರಳೂರಿನಲ್ಲಿ ಒಂದು ಮನೆಯವರು ಹದಿಮೂರು ವರ್ಷದ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂದು ನಾನು ನಿಮ್ಮ ಕಚೇರಿಗೆ ಬಂದು ಹೇಳಿದೆ. ನಿಮ್ಮ ಕಚೇರಿಯವರು ಆ ಮನೆಗೆ ಫೋನ್ ಮಾಡಿ, ನಾಳೆ ಬರುತ್ತೇವೆ ಎಂದು ತಿಳಿಸಿದರು. ಮರುದಿನ ಹೋದಾಗ ಹುಡುಗಿ ಅಲ್ಲಿರಲಿಲ್ಲ. ನನ್ನ ದೂರು ಇಷ್ಟೇ. ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇದನ್ನು ಕೇಳಿದವರಲ್ಲಿ ಹೆಚ್ಚಿನವರು "ದೊಡ್ಡೋರ ಮನೆಗೆ ಹೇಳದೆ ಹೋಗೋಕಾಗತ್ತೇನಪ್ಪ" ಎಂದರು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನಾನು ಗುಬ್ಬಿ ತಾಲ್ಲೂಕಿನ ಚೇಳೂರಿನವನು. ಒಂಬತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಕೂತಲ್ಲಿ ಕೂರಲಾಗದೆ ನಾನೇ ಬಿಟ್ಟೆ. ಆಮೇಲೆ ಗ್ಯಾರೇಜು, ಬೇಕರಿ, ಪೆಟ್ರೋಲ್ ಬಂಕು, ಎಲ್ಲೂ ನಿಲ್ಲಲಿಲ್ಲ. ಈಗ ಮೈಕು ಕಟ್ಟಿದ ಆಟೋ ಓಡಿಸುತ್ತೇನೆ. ಅಂಗಡಿ ಉದ್ಘಾಟನೆ, ಸೀರೆ ಸೇಲು, ನಾಳೆ ಕರೆಂಟ್ ಇರುವುದಿಲ್ಲ ಎಂಬ ಸುದ್ದಿ, ಎಲ್ಲವನ್ನೂ ಕೂಗುತ್ತೇನೆ. ರೆಕಾರ್ಡ್ ಹಾಕಿದರೆ ಬೇಜಾರು, ಬಾಯಲ್ಲೇ ಹೇಳುತ್ತೇನೆ. ನಿಮ್ಮ ಪ್ರಕಟಣೆಯನ್ನು ಊರೂರಿಗೆ ಕೂಗಿದವನೂ ನಾನೇ. "ಪೋಷಕರೇ, ಮಕ್ಕಳ ಕಳ್ಳರಿದ್ದಾರೆ. ಅಪರಿಚಿತರನ್ನು ನಂಬಬೇಡಿ." ನೀವು ಬರೆದುಕೊಟ್ಟ ವಾಕ್ಯ. ವ್ಯಾಕರಣ ಚೆನ್ನಾಗಿತ್ತು.

ಅದನ್ನು ಕೇಳಿ ನಮ್ಮೂರು ನಿಜಕ್ಕೂ ಎಚ್ಚರವಾಯಿತು. ಬೆಡ್‌ಶೀಟ್ ಮಾರಲು ಬಂದ ಹೊರಗಿನವನೊಬ್ಬ ಮಗುವೊಂದರ ಹತ್ತಿರ ಕುಡಿಯಲು ನೀರು ಕೇಳಿದ. ಅವನನ್ನು ಲೈಟ್ ಕಂಬಕ್ಕೆ ಕಟ್ಟಿದರು. ಹಲ್ಲು ಮುರಿಯಿತು. ಅವನು ಬೆಡ್‌ಶೀಟ್ ಬಿಟ್ಟು ಬೇರೇನನ್ನೂ ತಂದಿರಲಿಲ್ಲ.

ಆ ಹೊತ್ತಿಗೆ ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಹೊಂಬಾಳಮ್ಮ ಎಂಬವರು ಕಾಫಿ ಕುಡಿಯುತ್ತಿದ್ದರು. ಕುಣಿಗಲ್ ಕಡೆಯವರು, ಹುತ್ರಿದುರ್ಗದ ಬೆಟ್ಟದ ಕೆಳಗೆ ಮನೆ. ಪಕ್ಕದ ಮನೆಯ ನಿಂಗಮ್ಮನಿಗೆ ದೂರದ ನೆಂಟರು, ಮದುವೆ ನಾಮಕರಣಗಳಿಗೆ ತಪ್ಪದೆ ಬರುವವರು. ಕಂಬದ ಕಡೆ ನೋಡಿ ಅವರು ಹೇಳಿದ್ದು ನನ್ನ ಕಿವಿಯಲ್ಲಿದೆ. "ಹೆಣ್‌ಮಕ್ಳನ್ನ ಹುಷಾರಾಗಿ ನೋಡ್ಕೋಬೇಕು ಕಣಕ್ಕ. ಕಾಲ ಸರಿಯಿಲ್ಲ."

ನಿಂಗಮ್ಮ ಮತ್ತು ಅವರ ಗಂಡ ದೊಡ್ಡರಂಗಯ್ಯ ಸಾಕುತ್ತಿದ್ದ ಮೊಮ್ಮಗಳು ಮಧುಶ್ರೀ. ತಾಯಿ ಇಲ್ಲ, ತಂದೆ ಇನ್ನೊಂದು ಸಂಸಾರದಲ್ಲಿದ್ದಾನೆ. ತುಮಕೂರಲ್ಲಿ ಒಳ್ಳೆಯವರ ಮನೆಯಿದೆ, ಅವರ ಮಗು ಆಡಿಸಿಕೊಂಡಿದ್ದರೆ ಸಾಕು, ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ ಎಂದರು ಹೊಂಬಾಳಮ್ಮ. ಮಾರನೆಯ ದಿನ ಮಧುಶ್ರೀ ಅವರ ಜೊತೆ ಹೊರಟಳು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಿಂಗಮ್ಮ ಹಣೆಗೆ ಕುಂಕುಮವಿಟ್ಟು, ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಹೊಂಬಾಳಮ್ಮನಿಗೆ ಮಡಿಲಕ್ಕಿ ಕೊಟ್ಟರು. ದೊಡ್ಡರಂಗಯ್ಯ ಬ್ಯಾಗು ಹೊತ್ತು ಬಸ್ ಹತ್ತಿಸಿದರು. ಬೆಡ್‌ಶೀಟಿನವನಿಗೆ ಒಂದು ಲೋಟ ನೀರು ಕೊಡದ ಬೀದಿಯೇ ಕೈಬೀಸಿತು.

ಆಮೇಲೆ ಹುಡುಗಿಯ ಫೋನಿಲ್ಲ, ಸುದ್ದಿಯಿಲ್ಲ. ಹೊಂಬಾಳಮ್ಮನೂ ಫೋನ್ ಎತ್ತಲಿಲ್ಲ. ಠಾಣೆಗೆ ಹೋದೆವು. ಅಲ್ಲಿದ್ದವರು ನಕ್ಕರು. "ಕಾಣೆ ಅಂತ ಬರೀಬೇಕಾದ್ರೆ ಕಾಣೆ ಆಗ್ಬೇಕಲ್ಲಜ್ಜಿ. ನೀವೇ ಮಡ್ಲಕ್ಕಿ ಕೊಟ್ಟು ಕಳಿಸಿದೀರ." ನಿಂಗಮ್ಮ ತಲೆ ತಗ್ಗಿಸಿದರು. ಕದ್ದವರಿಗೆ ಮಡಿಲಕ್ಕಿ ಕೊಟ್ಟರೆ ಅದು ಕಳ್ಳತನವಲ್ಲ ಎಂದು ಯಾವ ಕಾನೂನಿನಲ್ಲಿದೆ ಸ್ವಾಮಿ? ನಾನು ಓದಿಲ್ಲ, ನೀವು ಓದಿದ್ದೀರಿ, ಹೇಳಿ.

ಮಧುಶ್ರೀ ಸಿಕ್ಕಿದ್ದು ಯಾರ ತನಿಖೆಯಿಂದಲೂ ಅಲ್ಲ. ಮರಳೂರಿನಲ್ಲಿ ಹೊಸ ಚಪ್ಪಲಿ ಅಂಗಡಿಯ ಪ್ರಚಾರ ಮಾಡುತ್ತಾ ಹೋಗುತ್ತಿದ್ದೆ. ಒಂದು ಗೇಟು ತೆರೆಯಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ನಿಂತಿದ್ದಳು. ನನ್ನ ದನಿ ಕೇಳಿ ಬಂದಿದ್ದಳು.

"ಚಪ್ಪಲಿ ಮಾರೋಕ್ ಶುರು ಮಾಡಿದ್ಯೇನಣ್ಣ?" ಎಂದಳು. ನಗಿಸುವುದು ಅವಳ ಅಭ್ಯಾಸ. ಮುಂಗೈಯಲ್ಲಿ ಸುಟ್ಟ ಗಾಯವಿತ್ತು.

"ಸ್ಕೂಲ್‌ಗೆ ಹೋಗ್ತಿದೀಯೇನೇ?"

"ದಿನಾ ಹೋಗ್ತೀನಲ್ಲ. ಇವ್ರ ದೊಡ್ಡ ಮಗೂನ ಗೇಟ್‌ವರ್ಗೂ ಬಿಟ್ಟು ಬರ್ತೀನಿ." ಒಳಗಿನಿಂದ ಯಾರೋ ಕರೆದರು. "ಮುಂದಿನ ಸಲ ಅಜ್ಜೀನ ಕರ್ಕೊಂಡ್ ಬಾ. ಮೈಕಲ್ಲಿ ಕೂಗು, ಬಂದ್ಬಿಡ್ತೀನಿ" ಎಂದು ಗೇಟು ಹಾಕಿಕೊಂಡಳು.

ನಾನು ಅಲ್ಲಿಂದ ನೇರ ನಿಮ್ಮ ಕಚೇರಿಗೆ ಬಂದೆ. ಅವಳ ಕೈ ಹಿಡಿದು ಆಟೋದಲ್ಲಿ ಕೂರಿಸಿಕೊಂಡು ಹೊರಟಿದ್ದರೆ ನನ್ನನ್ನೇ ಕಂಬಕ್ಕೆ ಕಟ್ಟುತ್ತಿದ್ದರು, ನಾನೇ ಕೂಗಿದ ಪ್ರಕಟಣೆಯ ಪ್ರಕಾರ. ಅದಕ್ಕೇ ಕಾನೂನಿನ ದಾರಿ ಹಿಡಿದೆ. "ನೀವು ರಕ್ತಸಂಬಂಧಿಯೇ?" ಎಂದು ನಿಮ್ಮ ಸಿಬ್ಬಂದಿ ಕೇಳಿದರು. ಅಲ್ಲ ಎಂದೆ. ಎಲ್ಲಿಯವರೆಗೆ ಓದಿದ್ದೀರಿ ಎಂದರು. ಅದನ್ನೂ ಸುಳ್ಳಿಲ್ಲದೆ ಹೇಳಿದೆ. ಆಮೇಲೆ ನನ್ನೆದುರಿಗೇ ಫೋನ್ ತೆಗೆದರು. "ನಮಸ್ಕಾರ ಸಾರ್, ಏನಿಲ್ಲ, ಒಂದು ಸಣ್ಣ ಕಂಪ್ಲೇಂಟು. ನಾಳೆ ಬೆಳಿಗ್ಗೆ ಬಂದು ಹೋಗ್ತೀವಿ. ಮನೇಲಿರ್ತೀರಲ್ವಾ?"

ಹಾಗೆ ಮೊದಲೇ ಹೇಳಿಬಿಟ್ಟರೆ ಹೇಗೆ ಎಂದೆ. "ಮರ್ಯಾದಸ್ಥರು ಕಣಪ್ಪ, ದಿಢೀರ್ ಅಂತ ಹೋದ್ರೆ ಚೆನ್ನಾಗಿರಲ್ಲ" ಎಂದರು. ಮರುದಿನ ನಿಮ್ಮವರು ಹೋದರು, ಕಾಫಿ ಕುಡಿದರು, ಸ್ಥಳದಲ್ಲಿ ಯಾವುದೇ ಮಗು ಕಂಡುಬಂದಿಲ್ಲ ಎಂದು ವರದಿ ಬರೆದರು. ಆ ವಾಕ್ಯದ ವ್ಯಾಕರಣವೂ ಸರಿಯಾಗಿದೆ.

ನಿಂಗಮ್ಮ ಮಡಿಲಕ್ಕಿ ಕೊಟ್ಟರು, ನೀವು ಫೋನ್ ಮಾಡಿದಿರಿ. ಎರಡೂ ಮರ್ಯಾದೆಯೇ. ಆದರೆ ನಿಂಗಮ್ಮನಿಗೆ ಗೊತ್ತಿರಲಿಲ್ಲ. ನಿಮಗೆ ನಾನು ಹೇಳಿದ್ದೆ.

ಇದಾದ ಮೇಲೆ ನಿಂಗಮ್ಮ ಒಬ್ಬರೇ ಬಸ್ ಹತ್ತಿ ಹೊಂಬಾಳಮ್ಮನ ಮನೆಗೂ ಹೋಗಿ ಬಂದರು. "ಚೆನ್ನಾಗವ್ಳೆ ಬುಡಕ್ಕ, ಇನ್ನೂ ದೊಡ್ಡ ಮನೆಗೆ ಸೇರ್ಸಿದೀನಿ. ಎಲ್ಲಿ ಅಂತ ಹೇಳಿದ್ರೆ ನೀನು ಹೋಗಿ ಅಳ್ತೀಯ, ಅವಳ್ನೂ ಅಳಿಸ್ತೀಯ" ಎಂದರಂತೆ. ಹೊರಡುವಾಗ ಅವರೂ ಮಡಿಲಕ್ಕಿ ಕೊಟ್ಟಿದ್ದಾರೆ. ಆ ಅಕ್ಕಿಯನ್ನು ನಿಂಗಮ್ಮ ಬೇಯಿಸಿಲ್ಲ, ಎಸೆದೂ ಇಲ್ಲ. ಮೂಲೆಯಲ್ಲಿ ಗಂಟು ಹಾಗೇ ಇದೆ.

ನನಗೆ ಸಾಕಾಗಿದೆ. ಸಿಟ್ಟು ಮಾಡುವಷ್ಟು ಶಕ್ತಿಯೂ ಉಳಿದಿಲ್ಲ. ಕೇಳುವುದು ಇಷ್ಟು. ಹೊಂಬಾಳಮ್ಮ ಕಾಣೆಯಾಗಿಲ್ಲ, ಮರಳೂರಿನ ಆ ಮನೆಯವರೂ ಕಾಣೆಯಾಗಿಲ್ಲ. ಹುಡುಗಿ ಎಲ್ಲಿದ್ದಾಳೆ ಎಂದು ಅವರಿಬ್ಬರನ್ನೂ ಪೊಲೀಸರ ಜೊತೆ ಹೋಗಿ ಕೇಳಿ. ಅವರು ಹೇಳುವ ಮನೆಗೆ ಆ ಗಳಿಗೆಯಲ್ಲೇ ಹೋಗಿ. ದೂರು ಕೊಡಲು ಅಜ್ಜಿ ತಯಾರಿದ್ದಾರೆ, ನಾನು ಕರೆತರುತ್ತೇನೆ. ಇನ್ನೊಮ್ಮೆ ಪ್ರಕಟಣೆ ಬರೆಸುವುದಾದರೆ, ಕರೆದೊಯ್ಯಲು ಬಂದವರು ನೆಂಟರೇ ಆದರೂ ವಿಳಾಸ ಕೇಳಿ, ಹಿಂದೆಯೇ ಹೋಗಿ ನೋಡಿ ಬನ್ನಿ ಎಂದು ಬರೆಸಿ. ಹಳೆಯದನ್ನು ನಾನು ಇನ್ನು ಕೂಗುವುದಿಲ್ಲ.

ಅಲ್ಲಿಯವರೆಗೆ ನಾವೇ ಹುಡುಕುತ್ತಿದ್ದೇವೆ. ಬಾಡಿಗೆ ಇಲ್ಲದ ದಿನ ನಿಂಗಮ್ಮ ನನ್ನ ಆಟೋ ಹತ್ತುತ್ತಾರೆ. ತುಮಕೂರಿನ ಒಂದೊಂದು ಬಡಾವಣೆಯಲ್ಲೂ "ಮಧುಶ್ರೀ, ನಿಮ್ಮಜ್ಜಿ ಬಂದವ್ರೆ" ಎಂದು ಮೈಕಿನಲ್ಲಿ ಕೂಗುತ್ತೇನೆ. ಗೇಟುಗಳು ತೆರೆಯುತ್ತವೆ, ಬೇರೆ ಯಾರೋ ನೋಡಿ ಮುಚ್ಚುತ್ತಾರೆ. ನಿನ್ನೆ ಗಂಟಲು ಕಟ್ಟಿ ನಿಲ್ಲಿಸಿದೆ. ಹಿಂದಿನ ಸೀಟಿನಿಂದ ನಿಂಗಮ್ಮ, "ಇನ್ನೊಂದ್ ಬೀದಿ ಕೂಗಪ್ಪ. ಅವ್ಳಿಗೆ ನಿನ್ ದನಿ ಗೊತ್ತು" ಎಂದರು.

ಅವಳು ಈಗಿರುವ ಮನೆ ಗೊತ್ತಾದ ದಿನ, ದಯವಿಟ್ಟು ಫೋನ್ ಮಾಡದೆ ಹೋಗಿ.

ಇಂತಿ,
ನಿಮ್ಮ ವಾಕ್ಯವನ್ನು ಊರೂರಿಗೆ ಕೂಗಿ, ಈಗ ಒಂದೇ ಹೆಸರು ಕೂಗುತ್ತಿರುವ
ಚೈತನ್ಯ
ಚೇಳೂರು (ರಕ್ತಸಂಬಂಧಿಯಲ್ಲ)