ಏಳನೇ ಸಲದ ಬೆಳಕು

ಬುಧವಾರ, ಬೆಳಿಗ್ಗೆ

ಮಗಳೇ,

ನಿನ್ನಮ್ಮನ ಮಂಡಿನೋವು ಹೇಗಿದೆ? ನಿನ್ನ ಗಂಡನ ಕೆಮ್ಮು ನಿಂತಿತೇ? ಪುಟಾಣಿಗೆ ಹಲ್ಲು ಬಂತೇ? ನಿನ್ನ ಆರೋಗ್ಯ ಕೇಳುವುದಿಲ್ಲ. ಗಟ್ಟಿಯಾಗಿದ್ದೀಯ ಅಂತ ಸೋಮವಾರ ಪ್ರಯೋಗಶಾಲೆಯಲ್ಲಿ ನಿನ್ನ ಗಂಟಲು ಕೇಳಿಯೇ ಗೊತ್ತಾಯಿತು.

ಪ್ರತಿ ಸಲ ಉರಿಸುವ ಮೊದಲು ಖಾಲಿ ಕೊಳವೆಯಲ್ಲಿ ಬೆಳಕು ಅಳೆದುಕೊಳ್ಳಮ್ಮ ಅಂದೆ ನಾನು, ಅಷ್ಟೇ. ಹೊರಗಿನಿಂದ ಬಂದ ನಾಲ್ಕು ಜನ ದೊಡ್ಡವರ ಮುಂದೆ ನೀನು, ನೀವು ಗಾಜು ಒರೆಸೋರು, ಒರೆಸಿದರೆ ಸಾಕು, ಅಳೆಯೋದು ನಾನು ನೋಡ್ಕೋತೀನಿ ಅಂದುಬಿಟ್ಟೆ. ಮನೆಯಲ್ಲಿ ದೊಡ್ಡಮ್ಮ, ನೀನು ಅಂತೀಯ; ಅಲ್ಲಿ ನೀವು. ಆ ನೀವು ಅನ್ನುವುದರಲ್ಲಿ ಮರ್ಯಾದೆಗಿಂತ ದೂರವೇ ಜಾಸ್ತಿ ಇತ್ತು. ನಿನ್ನ ಜಡೆ ಹೆಣೆದು ಶಾಲೆಗೆ ಕಳಿಸಿದ ಕೈ ಇದು.

ನೌಕೆ ಇನ್ನೊಂದು ಗ್ರಹದ ಗಾಳಿಗೆ ನುಗ್ಗುವಾಗ ಅದರ ಮೂತಿಯ ಮುಂದೆ ಉರಿಯುವ ಪ್ಲಾಸ್ಮಾವನ್ನು ಅಯಸ್ಕಾಂತದಿಂದ ತಳ್ಳಿ ವೇಗ ತಗ್ಗಿಸಬಹುದು ಅನ್ನುವುದು ನಿನ್ನ ವಾದ. ಇರಲಿ. ಕೊಳವೆಯಲ್ಲಿ ನೀನು ನೌಕೆಯ ಪುಟ್ಟ ಮಾದರಿ ಇಟ್ಟು ಉರಿ ಹಾಯಿಸಿದೆ, ಕಿಟಕಿಯ ಗಾಜಿನಿಂದ ಲೇಸರ್ ಬಿಟ್ಟೆ. ಬೆಳಕು ಮಂಕಾದಷ್ಟೂ ಪ್ಲಾಸ್ಮಾ ದಟ್ಟವಾಗಿದೆ ಅಂತ ಅರ್ಥ. ಸಲಸಲಕ್ಕೂ ಅಯಸ್ಕಾಂತದ ಬಲ ಏರಿಸಿದೆ. ಏಳನೇ ಸಲಕ್ಕೆ ಬೆಳಕು ಅರ್ಧಕ್ಕೆ ಇಳಿಯಿತು. ಅಯಸ್ಕಾಂತವೇ ಪ್ಲಾಸ್ಮಾವನ್ನು ಮೂತಿಯ ಮುಂದೆ ಒತ್ತಿ ಹಿಡಿದಿದೆ ಅಂತ ಬಂದವರು ಚಪ್ಪಾಳೆ ತಟ್ಟಿದರು.

ಅದು ಅಯಸ್ಕಾಂತದ ಕೆಲಸವಲ್ಲ ತಾಯಿ, ಮಸಿಯ ಕೆಲಸ. ಒಂದು ಸಲ ಉರಿಸಿದರೆ ಸಾಕು, ಕೊಳವೆಯೊಳಗಿನ ತಾಮ್ರ ಆವಿಯಾಗಿ ಗಾಜಿಗೆ ಕೂರುತ್ತದೆ. ಹದಿನೆಂಟು ವರ್ಷ ಉಜ್ಜಿ ಕಲಿತದ್ದು ಇದು, ಯಾರೂ ಪಾಠ ಹೇಳಿದ್ದಲ್ಲ. ನೀನು ಬೆಳಿಗ್ಗೆ ಒಂದೇ ಸಲ ಖಾಲಿ ಕೊಳವೆ ಅಳೆದು, ಸಂಜೆವರೆಗೂ ಎಲ್ಲ ಅಳತೆಯನ್ನೂ ಅದಕ್ಕೇ ಹೋಲಿಸಿದೆ. ಸೋಮಾರಿತನಕ್ಕೂ ಪದವಿ ಕೊಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ನಿನ್ನೆ ಫೋನಿನಲ್ಲಿ ನಾನು ಇದನ್ನೇ ಹೇಳಿದರೆ, ಏಳು ಸಲವೂ ಒರೆಸಿದೆ ಅಂತ ಕೆಲಸದ ಪುಸ್ತಕದಲ್ಲಿ ನೀವೇ ಟಿಕ್ ಹಾಕಿದ್ದೀರಿ, ಮತ್ತೆ ಮಸಿ ಆಕಾಶದಿಂದ ಉದುರಿತಾ ಅಂತ ಕೇಳಿ ನೀನು ಫೋನ್ ಇಟ್ಟುಬಿಟ್ಟೆ. ಪುಸ್ತಕದ ಮಾತು ಹಾಗಿರಲಿ. ಶುಕ್ರವಾರ ನೀನು ವರದಿಗೆ ಸಹಿ ಹಾಕುತ್ತೀಯ. ಅದನ್ನು ನಂಬಿ ನೌಕೆಯ ಶಾಖಕವಚ ತೆಳು ಮಾಡುತ್ತಾರೆ. ಅದು ಅಲ್ಲಿ ಉರಿದು ಬೂದಿಯಾದ ದಿನ ಎಲ್ಲರ ಬಾಯಲ್ಲೂ ನಿನ್ನ ಹೆಸರೇ. ನನಗೇನು, ನಾನು ಗಾಜು ಒರೆಸೋಳು.

ನಿನ್ನ
ದೊಡ್ಡಮ್ಮ

ಕಾಗದಕ್ಕೆ ನನ್ನ ಸಹಿ ಹಾಕಿದ ಮೇಲೆ ಬರೆಯುತ್ತಿರುವುದು: ಸೋಮವಾರ ನಾನು ಗಾಜು ಒರೆಸಲಿಲ್ಲ. ನೀನು ಆ ಮಾತು ಅಂದ ಮೇಲೆ ಬಟ್ಟೆ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಾಕೆ ಕೂತಿದ್ದೀ ದೊಡ್ಡಮ್ಮ ಅಂತ ಒಂದು ಸಲ ಕೇಳುತ್ತೀಯೇನೋ ಅಂತ ಕಾದೆ. ನೀನು ತಿರುಗಿಯೂ ನೋಡಲಿಲ್ಲ. ಸಂಜೆ ಹೆದರಿಕೆಯಾಗಿ ಏಳು ಟಿಕ್ಕೂ ಒಟ್ಟಿಗೇ ಹಾಕಿದೆ. ಆ ಗಾಜು ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ವ್ಯಾನಿನ ಡ್ರೈವರ್ ಕೈಯಲ್ಲಿ ಈ ಕಾಗದದ ಜೊತೆ ಕಳಿಸಿದ್ದೇನೆ. ಒರೆಸಬೇಡ, ಹಾಗೆಯೇ ಲೇಸರ್ ಹಾಯಿಸಿ ನೋಡು, ಉರಿ ಇಲ್ಲದೆಯೇ ಬೆಳಕು ಮಂಕಾಗುತ್ತದೆ. ಮೇಲಿನವರಿಗೆ ಈ ಕಾಗದವನ್ನೂ ತೋರಿಸು, ನನ್ನ ಕೆಲಸ ಹೋದರೆ ಹೋಗಲಿ. ಶುಕ್ರವಾರದೊಳಗೆ ಒಂದು ಸಾಲು ಬರೆ. ಬೈದಾದರೂ ಬರೆ.