ಮೊದಲ ಸವಾರಿ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಪಾಪಿ ನಾನೇ. ಪೂರ್ತಿ ಓದಿ ಆಮೇಲೆ ಬೈಯಿ. ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದೆ. ಭಾವನ ಕೆಮ್ಮು ಹೇಗಿದೆ? ಐದು ಮಹಡಿ ಹತ್ತಿ ಇಳಿದು ನಿನ್ನ ಮಂಡಿ ಊದಿದ್ದು ಓದಿ ಸಂಕಟವಾಯಿತು. 'ಗುರುವಾರದಿಂದ ಲಿಫ್ಟ್ ಶುರುವಂತೆ, ಬದುಕಿದೆ' ಎಂದು ಬರೆದಿದ್ದೀಯಲ್ಲ.

ನಾನು ಕೆಲಸ ಬದಲಿಸಿದೆ. ಅಪ್ಪನ ಜೊತೆ ಲಿಫ್ಟ್ ರಿಪೇರಿಗೆ ಹೋಗುತ್ತಿದ್ದವನಿಗೆ ನಾವಿಬ್ಬರೂ 'ಬೆಣ್ಣೆಮಾತು' ಅಂತ ಹೆಸರಿಟ್ಟಿದ್ದೆವಲ್ಲ, ಈಗ ಅವನದೇ ಲಿಫ್ಟ್ ತಪಾಸಣೆ ಕಂಪನಿ. "ಅವನು ಕೈಕುಲುಕಿದ್ರೆ ಬೆರಳು ಎಣಿಸ್ಕೋ" ಅನ್ನುತ್ತಿದ್ದರು ಅಪ್ಪ. ಅವನೇ ಮನೆಗೆ ಬಂದ. ಮುಖ್ಯ ತಪಾಸಕಿ ಹುದ್ದೆ, ದುಪ್ಪಟ್ಟು ಸಂಬಳ, ಕಿಟಕಿಯಿರುವ ಕೋಣೆ. ಲಿಫ್ಟಿನ ಗುಂಡಿಗಿಳಿದು ಗ್ರೀಸ್ ಮೆತ್ತಿಕೊಳ್ಳುವ ಕೆಲಸವಿಲ್ಲ. "ನಿಮ್ಮಪ್ಪನ ಹೆಸರು ಬೇಕಮ್ಮ ನಮಗೆ. ನಿನ್ನ ರುಜು ಇದ್ರೆ ಯಾರೂ ತುಟಿಪಿಟಕ್ ಅನ್ನಲ್ಲ" ಅಂದ. ಆ ಮಾತಿಗೇ ಓಡಿಹೋಗಬೇಕಿತ್ತು. ಒಪ್ಪಿಕೊಂಡೆ. ಇಪ್ಪತ್ತು ವರ್ಷ ಗ್ರೀಸ್ ತೊಳೆದು ಸಾಕಾಗಿತ್ತು ಅಕ್ಕ.

ಅಪ್ಪನ ಪದ್ಧತಿ ನಿನಗೆ ಗೊತ್ತು: ತಪಾಸಣೆ ಮುಗಿದ ಮೇಲೆ ಮೊದಲ ಸವಾರಿ ನಮ್ಮದು, ಒಬ್ಬರೇ; ಆಮೇಲೆ ರುಜು. ಇಲ್ಲಿ ಲಿಫ್ಟ್ ನೋಡುವುದೇ ಇಲ್ಲ, ರುಜುವಿಗೆ ಕಾಗದಗಳಷ್ಟೇ ಮೇಜಿಗೆ ಬರುತ್ತವೆ. ಮೊದಲ ಸವಾರಿ ಯಾವಾಗ ಅಂತ ಕೇಳಿದ್ದಕ್ಕೆ ಅವನು ನಕ್ಕ. "ದಿನಕ್ಕೆ ಎಂಟು ಕಟ್ಟಡ. ಎಲ್ಲಾದ್ರಲ್ಲೂ ಮೇಲೆ ಕೆಳಗೆ ಆಟ ಆಡ್ತಾ ಕೂತ್ರೆ ಆಯ್ತು ಬಿಡು!"

ಇನ್ನೊಂದು ತಮಾಷೆ. ಆಫೀಸು ನಾಲ್ಕನೇ ಮಹಡಿಯಲ್ಲಿ, ಆ ಲಿಫ್ಟಿಗೂ ನಮ್ಮದೇ ಸರ್ಟಿಫಿಕೇಟು. ಅವನು ಮಾತ್ರ ದಿನಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಾನೆ. ವ್ಯಾಯಾಮವಂತೆ, ಆ ಹೊಟ್ಟೆ ಇಟ್ಟುಕೊಂಡು! ಮೊದಲ ದಿನ ನಕ್ಕೆ. ಈಗ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ಎದ್ದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತೇನೆ. ಈ ವಾರದಿಂದ ನಾನೂ ಮೆಟ್ಟಿಲಲ್ಲೇ ಹೋಗಿಬರುತ್ತಿದ್ದೇನೆ.

ಮಗಳಿಗೆ ಮುತ್ತು, ಅವಳು ಚೆನ್ನಾಗಿರಲಿ. ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಈ ಸಲ ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ
ಬಾಲಂಗೋಚಿ

ತಾ.ಕ.: ಇದನ್ನು ಅಂಚೆಗೆ ಹಾಕದೆ, ನಿಮ್ಮ ಕಡೆ ಬರುವ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಕಳೆದ ಶುಕ್ರವಾರ ಇಲ್ಲಿ ನಾನು ಹಾಕಿದ ಮೊದಲ ರುಜು ನಿಮ್ಮ ಕಟ್ಟಡದ ಲಿಫ್ಟಿನದು. ವಿಳಾಸ ಓದಿಯೇ ಹಾಕಿದೆ ಅಕ್ಕ. ಅವನು ಪೆನ್ನು ಹಿಡಿದು ಎದುರಿಗೇ ನಿಂತಿದ್ದ, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಗುರುವಾರ ಬೆಳಿಗ್ಗೆ ನಾನು ಬರುತ್ತೇನೆ, ಮೊದಲ ಸವಾರಿ ನನ್ನದು. ಅಲ್ಲಿಯವರೆಗೆ ಯಾರನ್ನೂ ಹತ್ತಲು ಬಿಡಬೇಡ. ಯಾಕೆಂದು ಕೇಳಿದರೆ, ರುಜು ನನ್ನ ತಂಗಿಯದು ಎಂದು ಹೇಳು.